ಬಾಳೆಗುಳಿಯ ಗಟಾರಕ್ಕೆ ಜಟ್ಟಪ್ಪಣ್ಣ ಹಾಕಿದ ಒಡ್ಡು

ಜಟ್ಟಪ್ಪಣ್ಣ ಎದುರು ಬಂದರೆ ನಾನು ದಾರಿ ಬದಲಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ? ಕಾರವಾರದ ಕಡೆಯ ಒಂದು ಕಾರ್ಖಾನೆಯ ಆಸಿಡ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಶಿರವಾಡದ ಬಾಡಿಗೆ ಮನೆ ಬಿಟ್ಟು, ನಮ್ಮ ಬಾಳೆಗುಳಿ ಕೇರಿಗೆ ಬಂದು ಒಬ್ಬನೇ ಇದ್ದವನು. ಬಚ್ಚಲ ಒಲೆ ಹಚ್ಚಬೇಕಾದರೂ ಮೊದಲು ಗಾಳಿ ಯಾವ ಕಡೆಯದು ಎಂದು ನೋಡುತ್ತಿದ್ದ. ಅದಕ್ಕೆಂದೇ ಮನೆಯ ಮಾಡಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿದ್ದ. ಎದುರು ಸಿಕ್ಕವರಿಗೆಲ್ಲ ಬುದ್ಧಿ ಹೇಳುವ ಚಾಳಿ ಬೇರೆ.

ಎರಡು ಸಾವಿರದ ಆರನೇ ಇಸವಿಯ ಏಪ್ರಿಲ್. ಬೆಳಿಗ್ಗೆ ಹತ್ತರ ಹೊತ್ತಿಗೆ ಹೈವೇಯಲ್ಲಿ ಟ್ಯಾಂಕರ್ ಮಗುಚಿತು. ನಮಗೆ ಹಬ್ಬ. ಹಿಂದಿನ ವರ್ಷ ಅದೇ ತಿರುವಿನಲ್ಲಿ ಪಾಮೆಣ್ಣೆಯ ಟ್ಯಾಂಕರ್ ಬಿದ್ದು, ಇಡೀ ಕೇರಿ ಎರಡು ತಿಂಗಳು ಬಜ್ಜಿ ಕರಿದಿತ್ತು. ಈ ಸಲ ನಾನೂ ಹಿಂದೆ ಬೀಳಲಿಲ್ಲ. ಅಲ್ಯೂಮಿನಿಯಂ ಕೊಡ ಹಿಡಿದು, ಸೀರೆ ಎತ್ತಿ ಕಟ್ಟಿ ಓಡಿದೆ.

ರಸ್ತೆಯ ನಡುವೆ ಜಟ್ಟಪ್ಪಣ್ಣ ಎರಡೂ ಕೈ ಅಗಲಿಸಿ ನಿಂತಿದ್ದ.

“ಎಂತಕ್ಕೆ ಓಡ್ತೀರಿ? ಅದು ಎಣ್ಣೆ ಅಲ್ಲ, ಆಸಿಡ್ಡು. ಬಿಳಿ ಹೊಗೆ ಕಾಣ್ತಿಲ್ವಾ?”

“ನಿಂಗೆ ಎಲ್ಲಾ ಆಸಿಡ್ಡೇಯ,” ಎಂದು ಪಕ್ಕದ ಮನೆಯ ಸುಬ್ಬ ನಗುತ್ತ ಬದಿಯಿಂದ ನುಗ್ಗಿ, ರಸ್ತೆಯಲ್ಲಿ ಹರಿದು ನಿಂತದ್ದಕ್ಕೆ ತನ್ನ ಅಲ್ಯೂಮಿನಿಯಂ ಕೊಡ ಅದ್ದಿದ. ಕೊಡ ಬುಸುಬುಸು ನೊರೆ ಕಾರಿತು. ಸುಬ್ಬ ಅದನ್ನು ಕೈಬಿಟ್ಟ. ಸಿಡಿದದ್ದು ಪಾದಕ್ಕೆ ಬಿತ್ತು. ಅವನ ಕೂಗಿಗೆ ನಾವೆಲ್ಲ ಗಕ್ಕನೆ ನಿಂತೆವು.

ಜಟ್ಟಪ್ಪಣ್ಣ ಅವನನ್ನು ಕೂಗಿ ಕರೆದು, ಚಪ್ಪಲಿ ಬಿಚ್ಚಿಸಿ, ಹತ್ತಿರದ ಹೋಟೆಲಿನ ನಲ್ಲಿಯ ಕೆಳಗೆ ಕಾಲು ಹಿಡಿಸಿದ. ಇಪ್ಪತ್ತು ನಿಮಿಷ ತೆಗೆಯಬಾರದು ಎಂದು ಕಾವಲಿಗೆ ನನ್ನ ಗಂಡ ಮಧುಕರನನ್ನು ನಿಲ್ಲಿಸಿದ. ಮಧುಕರನ ಮೊಬೈಲಿನಲ್ಲೇ ಅಗ್ನಿಶಾಮಕದವರಿಗೆ ಫೋನು ಮಾಡಿ, ಟ್ಯಾಂಕರಿನ ಕಿತ್ತಳೆ ಫಲಕದ ಮೇಲಿದ್ದ, ಒಳಗಿರುವುದು ಯಾವ ಆಸಿಡ್ ಎಂದು ತಿಳಿಸುವ ೧೭೮೯ ಎಂಬ ಸಂಖ್ಯೆಯನ್ನು ದೂರದಿಂದಲೇ ಓದಿ ಹೇಳಿದ. ಡ್ರೈವರ್ ಪುಣ್ಯಕ್ಕೆ ಹಾರಿ ಬಚಾವಾಗಿದ್ದ.

ಆಗ ನಾನು ಗಟಾರ ನೋಡಿದೆ. ಹಳದಿ ನೀರು ಅದರೊಳಗೆ ಇಳಿದು ತೆಂಕಣಕ್ಕೆ ಹರಿಯುತ್ತಿತ್ತು. ಆ ಗಟಾರದ ಕೊನೆಗೆ ನಮ್ಮ ಬಾವಿ. ಏಪ್ರಿಲ್ಲಿನಲ್ಲಿ ಕೇರಿಯ ನಲವತ್ತು ಮನೆಗೆ ಅದೊಂದೇ ಕುಡಿಯುವ ನೀರು.

“ನೀರು ಹೊಯ್ದು ತೊಳೆದುಬಿಡೋಣ,” ಎಂದಳು ನಮ್ಮ ಕೇರಿಯ ಗಂಗೆ.

“ಮೈಮೇಲೆ ಬಿದ್ರೆ ನೀರೇ ಮದ್ದು. ನೆಲದ್ಮೇಲೆ ಹೊಯ್ದ್ರೆ ಸೀದಾ ಬಾವಿಗೇ ಹೋಗ್ತದೆ. ಅದ್ರ ಹತ್ರ ಹೋಗೂದು ಬೇಡ. ಅದು ಬರೂದ್ರೊಳಗೆ ನಾವು ಮುಂದೆ ಹೋಗ್ವಾ. ತಂಗಿ, ನಿಮ್ಮನೆ ಮರಳು!” ಎಂದು ಜಟ್ಟಪ್ಪಣ್ಣ ನನ್ನ ಕಡೆ ತಿರುಗಿ ಕೂಗಿದ.

ಅಂಗಳಕ್ಕೆ ಹಾಕಿಸಲೆಂದು ಬೆಳಂಬಾರದ ಕಡಲದಂಡೆಯಿಂದ ತರಿಸಿದ ಒಂದು ಗಾಡಿ ಮರಳು ನಮ್ಮ ಬಾಗಿಲಲ್ಲಿ ಬಿದ್ದಿತ್ತು. ಹೆಂಗಸರೆಲ್ಲ ಸಾಲಾಗಿ ನಿಂತೆವು. ಬುಟ್ಟಿ ಕೈಯಿಂದ ಕೈಗೆ ಹಾರಿತು. ಬಾವಿಗಿಂತ ನೂರು ಮಾರು ಮೇಲೆ ಗಟಾರಕ್ಕೆ ಮೊದಲ ಒಡ್ಡು ಬಿತ್ತು, ಅದರ ಹಿಂದೆ ಎರಡನೆಯದು. ನನ್ನ ಬಳೆ ಒಡೆದದ್ದು ನನಗೆ ಗೊತ್ತೇ ಆಗಲಿಲ್ಲ. ಅಷ್ಟು ಹುರುಪು ನನ್ನ ಮದುವೆಯಲ್ಲೂ ಇರಲಿಲ್ಲ.

“ಬಂತು, ಎಲ್ಲಾ ಹಿಂದೆ ಸರೀರಿ,” ಎಂದ ಜಟ್ಟಪ್ಪಣ್ಣ. ದೂರ ಸರಿದು ನೋಡಿದೆವು. ಆಸಿಡ್ ಒಡ್ಡಿಗೆ ತಾಗಿದ್ದೇ ಮರಳು ಕುದಿಯತೊಡಗಿತು. ಹೋಯಿತು ಬಾವಿ, ಎಂದು ಗಂಗೆ ತಲೆ ಚಚ್ಚಿಕೊಂಡಳು. ಜಟ್ಟಪ್ಪಣ್ಣನ ಮುಖ ಮಾತ್ರ ಅರಳಿತ್ತು.

“ಕಡಲ ಮರಳಲ್ವಾ, ಚಿಪ್ಪಿ ಚೂರು ಉಂಟು. ಚಿಪ್ಪಿ ಅಂದ್ರೆ ಸುಣ್ಣ. ಆಸಿಡ್ಡಿನ ಸೊಕ್ಕು ಮುರೀತಾ ಉಂಟು.”

ನೊರೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಮೊದಲ ಒಡ್ಡು ಕುಸಿಯಿತು. ಎರಡನೆಯದು ನಿಂತಿತು.

ನಾವು ಕುಣಿಯುವಷ್ಟರಲ್ಲಿ ಅವನ ಕಣ್ಣು ತನ್ನ ಮನೆಯ ಮಾಡಿನ ಕೆಂಪು ಬಟ್ಟೆಯ ಮೇಲಿತ್ತು. ಗಾಳಿ ನಿಂತು ಅದು ಜೋಲು ಬಿದ್ದಿತ್ತು. ಅಲ್ಲಿಯವರೆಗೆ ಬೆಳಗಿನ ಗಾಳಿ ಗುಡ್ಡದ ಕಡೆಯಿಂದ ಬಂದು ಹೊಗೆಯನ್ನು ಕಡಲಿಗೆ ಒಯ್ಯುತ್ತಿತ್ತು. ನಾವು ಗುಡ್ಡದ ಬದಿಗೆ ನಿಂತಿದ್ದೆವು. ಹನ್ನೊಂದಕ್ಕೆ ಕಡಲಗಾಳಿ ಏಳುತ್ತದೆ ಎಂಬುದು ಇಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಅದು ನೆನಪಾದದ್ದು ಅವನೊಬ್ಬನಿಗೆ. ಬೈದು, ದೂಡಿ, ದೂರದಿಂದ ಸುತ್ತು ಹಾಕಿಸಿ ನಮ್ಮನ್ನೆಲ್ಲ ಕಡಲ ಬದಿಗೆ ಒಯ್ದ. ಹತ್ತೇ ನಿಮಿಷಕ್ಕೆ ಹೊಗೆ ತಿರುಗಿ, ನಾವು ನಿಂತಿದ್ದ ಜಾಗವನ್ನೇ ಮುಚ್ಚಿತು.

ಅಗ್ನಿಶಾಮಕದವರು ಬಂದರು, ಮುಖವಾಡ ಹಾಕಿ, ಸುಣ್ಣ ಚೆಲ್ಲಿ ಉಳಿದದ್ದನ್ನು ಮುಗಿಸಿದರು. ಯಾರೂ ಸೇದದಂತೆ ಬಾವಿಯ ಸುತ್ತ ಹಗ್ಗ ಕಟ್ಟಿ, ಪರೀಕ್ಷೆಗೆ ನೀರು ಒಯ್ದರು. ಮೂರು ದಿನ ಅಂಕೋಲೆಯಿಂದ ಬಂದ ನೀರು ಕುಡಿದೆವು. ನಾಲ್ಕನೆಯ ದಿನ, ನೀರಿಗೆ ಏನೂ ಆಗಿಲ್ಲ ಎಂಬ ಕಾಗದ ಬಂತು.

ಆದರೂ ಯಾರೂ ಕೊಡ ಇಳಿಸಲಿಲ್ಲ. ಜಟ್ಟಪ್ಪಣ್ಣ ಬಂದು ಕಾಗದವನ್ನು ಎರಡು ಸಲ ಓದಿ, ತಾನೇ ನೀರು ಸೇದಿ, ಒಂದು ಚೊಂಬು ತುಂಬಿಸಿಕೊಂಡ.

“ಬೇಡ ಅಣ್ಣಾ,” ಎಂದೆ.

“ಯಾರಾದ್ರೂ ಮೊದ್ಲು ಕುಡೀಬೇಕಲ್ವಾ ತಂಗಿ. ನಿಮ್ಗೆಲ್ಲಾ ಮಕ್ಕಳುಂಟು.”

ಗಟಗಟನೆ ಕುಡಿದ. ಬಾವಿಕಟ್ಟೆಯ ಮೇಲೆ ಕೂತು, ಅರ್ಧ ತಾಸು ನಮ್ಮನ್ನು ಕಾಯಿಸಿದ. ಆಮೇಲೆ ಎದ್ದು ನೀರು ಸೇದುವ ಹಗ್ಗವನ್ನು ನನ್ನ ಕೈಗೆ ಕೊಟ್ಟ.