ಬ್ಯಾಡರಹಳ್ಳಿಯಲ್ಲಿ ಕುಳಿತು ಹೊಸಹಳ್ಳಿ ತೋರಿಸಿದ ಫೋನು

ಕಳೆದ ತಿಂಗಳು ನನ್ನ ನಾದಿನಿ ಸುಮ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದಳು. ಹಾಲು ಚೆನ್ನಾಗಿಯೇ ಉಕ್ಕಿತಂತೆ. ಮನೆ ಮಾತ್ರ ನಮ್ಮದಲ್ಲ.

ಮೊದಲಿಂದ ಹೇಳುತ್ತೇನೆ. ನಾವು ಹೊಸಹಳ್ಳಿಯ ಬಾಡಿಗೆ ಮನೆ ಬಿಟ್ಟು ಬ್ಯಾಡರಹಳ್ಳಿಗೆ ಬಂದೆವು. ಇದೂ ಬಾಡಿಗೆಯೇ. ಆದರೇನು, ಹಾಲು ಉಕ್ಕಿಸದೆ ಅಡುಗೆ ಶುರು ಮಾಡುವ ಧೈರ್ಯ ಯಾರಿಗಿದೆ? ನಮ್ಮಲ್ಲಿ ಅದನ್ನು ಮಾಡಬೇಕಾದವಳು ಮನೆಯ ಹೆಣ್ಣುಮಗಳು. ಅಂದರೆ ನಮ್ಮವರ ತಂಗಿ, ರಾಜಾಜಿನಗರದ ಸುಮ.

ತೊಂದರೆ ಇದ್ದದ್ದೇ ಅಲ್ಲಿ. ನಾಲ್ಕು ವರ್ಷದಿಂದ ಅವಳು ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ನನ್ನ ಮಗಳ ನಿಶ್ಚಿತಾರ್ಥದಲ್ಲಿ ಆರತಿ ಎತ್ತಲು ಸೋದರತ್ತೆಯನ್ನು ಬಿಟ್ಟು ನನ್ನ ತಂಗಿಯನ್ನು ಕರೆದಿದ್ದೆ. ಗಡಿಬಿಡಿಯಲ್ಲಿ ಆಗಿಹೋಯಿತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. (ಗಡಿಬಿಡಿಯೇನೂ ಇರಲಿಲ್ಲ. ತಂಗಿ ಒಳ್ಳೆ ಸೀರೆ ಉಟ್ಟಿದ್ದಳು, ಫೋಟೊ ಚೆನ್ನಾಗಿ ಬರಲಿ ಅಂತ ನನಗೆ ಆಸೆ.) ಆ ಮುನಿಸಿನ ನಂತರವೇ ನಾವು ಹೊಸಹಳ್ಳಿಗೆ ಹೋದದ್ದು. ಹಾಗಾಗಿ ಆ ಮನೆಯನ್ನೂ ಅವಳು ನೋಡಿರಲಿಲ್ಲ.

ಈ ಸಲ ಗಟ್ಟಿ ಮನಸ್ಸು ಮಾಡಿ ಫೋನ್ ಮಾಡಿದೆ. "ಹಾಲು ನೀನೇ ಬಂದು ಉಕ್ಕಿಸ್ಬೇಕು ಕಣೇ."

ಆ ಕಡೆಯಿಂದ ಬಂದದ್ದು ಒಂದೇ ಮಾತು, "ಮನೆ ಎಲ್ಲಿ?"

"ಬೆಳಿಗ್ಗೆ ಲೊಕೇಶನ್ ಕಳಿಸ್ತೀನಿ. ಒಂಬತ್ತರೊಳಗೆ ಬಂದ್ಬಿಡು" ಅಂದು ಇಟ್ಟುಬಿಟ್ಟೆ. ಮಾತು ಬೆಳೆದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಅನ್ನುವ ಭಯ. ಅಲ್ಲದೆ ಈಗ ವಿಳಾಸ ಯಾರು ಹೇಳುತ್ತಾರೆ ಹೇಳಿ? ಸುಂಕದಕಟ್ಟೆ ದಾಟಿ, ಹಿಟ್ಟಿನ ಗಿರಣಿ ಹತ್ತಿರ ಲೆಫ್ಟ್ ತಗೊಂಡು ಅಂತ ಹೇಳುವ ಅಭ್ಯಾಸವೇ ಬಿಟ್ಟುಹೋಗಿದೆ.

ಹೊಸ ಮನೆಗೆ ಮೊದಲು ದೇವರ ಫೋಟೊ, ಉಪ್ಪು, ಅರಿಶಿನ ಹೋಗಬೇಕು ಅನ್ನುವುದು ನನ್ನ ಪದ್ಧತಿ. ನಮ್ಮವರ ಪದ್ಧತಿಯಲ್ಲಿ ವೈಫೈ ಕೂಡ ಸೇರಿದೆ. ದೇವರ ಫೋಟೊ ಇಟ್ಟ ಗೂಡಿನ ಪಕ್ಕದಲ್ಲೇ ಹಳೆಯ ಮನೆಯ ರೂಟರ್ ತಂದು ಪ್ಲಗ್ಗಿಗೆ ಸಿಕ್ಕಿಸಿದ್ದರು. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ನಿಂತೇ ಸುಮಳಿಗೆ ಲೊಕೇಶನ್ ಕಳಿಸಿದೆ. ಮ್ಯಾಪ್ ಎಲ್ಲಿ ತೋರಿಸುತ್ತಿದೆ ಅಂತ ನೋಡುವ ಗೋಜಿಗೆ ಹೋಗಲಿಲ್ಲ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು. "ಅತ್ತಿಗೆ, ಬಾಗಿಲಿಗೆ ತೋರಣ ಇದೆ, ಒಲೆ ಮೇಲೆ ಹಾಲಿದೆ, ನೀವು ಮಾತ್ರ ಇಲ್ಲ. ಇಲ್ಲಿರೋರು ನೀವು ಯಾರು ಅಂತಲೇ ಗೊತ್ತಿಲ್ಲ ಅಂತಿದಾರೆ. ಕರೆಯೋಕೆ ಇಷ್ಟ ಇರ್ಲಿಲ್ಲ ಅಂದ್ರೆ ಸುಮ್ನಿರ್ಬೋದಿತ್ತಲ್ಲ."

ಮ್ಯಾಪ್ ತೆರೆದು ನೋಡಿದರೆ ನನ್ನ ನೀಲಿ ಚುಕ್ಕೆ ಹೊಸಹಳ್ಳಿಯ ಹಳೇ ಮನೆಯಲ್ಲಿ ಹಾಯಾಗಿ ಕೂತಿದೆ. ನಾನು ಬ್ಯಾಡರಹಳ್ಳಿಯಲ್ಲಿದ್ದೇನೆ.

ಅಷ್ಟರಲ್ಲಿ ಫೋನಿನಲ್ಲಿ ಇನ್ನೊಂದು ಹೆಣ್ಣುದನಿ. "ಅಕ್ಕಾರ, ನಾ ಈ ಮನಿಗೆ ಹೊಸದಾಗಿ ಬಂದಾಕಿರೀ. ನಮ್ದು ಬಾಗಲಕೋಟಿ. ಇಲ್ಲಿ ಮೊಬೈಲ್ ಅಂಗಡ್ಯಾಗ ಕೆಲಸ ಮಾಡ್ತೀನಿ. ನಿಮ್ಮ ವೈಫೈ ಡಬ್ಬಿ ಸಂಗಾಟ ಹೊತ್ಕೊಂಡ ಹೋಗೀರೇನ್ರಿ?"

"ಹೌದು."

"ಮತ್ತ ಅದಕ್ಕ ನೋಡ್ರಿ."

ಆಕೆ ಹೇಳಿದ್ದು ಇಷ್ಟು. ಪ್ರತಿ ರೂಟರ್ ತನ್ನ ಗುರುತನ್ನು ಸುತ್ತಮುತ್ತ ಸಾರುತ್ತಲೇ ಇರುತ್ತದೆ. ಬೀದಿಯಲ್ಲಿ ಓಡಾಡುವವರ ಫೋನುಗಳು ಅದನ್ನು ಕೇಳಿಸಿಕೊಂಡು, ಈ ರೂಟರ್ ಈ ಬೀದಿಯದು ಅಂತ ದಾಖಲೆಗೆ ಸೇರಿಸುತ್ತವೆ. ಮನೆಯೊಳಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗದಿದ್ದಾಗ ಫೋನು ಅಕ್ಕಪಕ್ಕದ ರೂಟರ್‌ಗಳನ್ನೇ ನೋಡಿ ತಾನೆಲ್ಲಿದ್ದೇನೆ ಅಂತ ತೀರ್ಮಾನಿಸುತ್ತದೆ. ನಮ್ಮ ಹೊಸ ಕಟ್ಟಡದಲ್ಲಿ ಇನ್ನೂ ಬೇರೆ ಯಾರೂ ಬಂದಿಲ್ಲ. ಸಾಕ್ಷಿ ಹೇಳಲು ಇದ್ದದ್ದು ನಮ್ಮ ರೂಟರ್ ಒಂದೇ. ದಾಖಲೆಯಲ್ಲಿ ಅದರ ಹೆಸರಿನ ಮುಂದೆ ಇದ್ದದ್ದು ಹೊಸಹಳ್ಳಿ.

ಒಳ್ಳೆಯ ದಿನ ಅಂದರೆ ಎಲ್ಲರಿಗೂ ಒಳ್ಳೆಯದೇ ತಾನೇ? ಆ ಮನೆಯವರೂ ಅದೇ ದಿನ ಹಾಲಿಟ್ಟುಕೊಂಡಿದ್ದರು. ಅವರ ನಾದಿನಿ ಬಾಗಲಕೋಟೆಯಲ್ಲಿ. "ಹೊತ್ತ ಮೀರತದರೀ, ನೀವ ಉಕ್ಕಿಸಿ ಹೋಗ್ರಿ" ಅಂತ ಸುಮಳನ್ನೇ ಒಲೆಯ ಮುಂದೆ ನಿಲ್ಲಿಸಿದರಂತೆ. ಉಕ್ಕಿಸಿದಳು. ಪಾಯಸವನ್ನೂ ಕುಡಿದಳು. ಬರುವಾಗ ಕುಪ್ಪಸದ ಕಣ ಬೇರೆ ಕೊಟ್ಟು ಕಳಿಸಿದರು.

ಮಾಗಡಿ ರೋಡಿನ ಟ್ರಾಫಿಕ್ ದಾಟಿ ಅವಳು ನಮ್ಮ ಬಾಗಿಲಿಗೆ ಬಂದಾಗ ಹತ್ತೂವರೆ. ಚಪ್ಪಲಿ ಬಿಡುತ್ತಲೇ ಅಂದಳು, "ಗುರುತಿಲ್ಲದೋರು ಮೊದಲನೇ ಸಲಕ್ಕೇ ನನ್ನ ಕರೆದ್ರು, ಅತ್ತಿಗೆ."

ಚುಚ್ಚಿತು. ಚುಚ್ಚಲೇಬೇಕಿತ್ತು.

ಒಳಗೆ ಬಂದವಳು ಒಲೆ ನೋಡಿದಳು. ಹಾಲಿನ ಪಾತ್ರೆ ತಣ್ಣಗೆ ಕೂತಿತ್ತು. "ಇದೇನು, ಇನ್ನೂ ಹಚ್ಚೇ ಇಲ್ವಾ? ಟೈಮ್ ಮೀರಿತಲ್ಲ."

"ನೀನು ಬರ್ದೆ ಹೆಂಗೆ ಹಚ್ಲಿ? ಆರತಿ ದಿನ ತಪ್ಪು ಮಾಡ್ದೆ ಕಣೇ. ಬೇಕಂತಲೇ ಮಾಡ್ದೆ."

ಸುಮ ಸೆರಗು ಸಿಕ್ಕಿಸಿಕೊಂಡು ಲೈಟರ್ ಕೇಳಿದಳು. ಹಾಲು ಉಕ್ಕಿತು. ನಾನು ಅತ್ತುಬಿಟ್ಟೆ, ಅವಳು ನಕ್ಕಳು. ನಮ್ಮವರು ಆ ಕಡೆ ರೂಟರ್ ಆಫ್ ಮಾಡಿ ಆನ್ ಮಾಡುತ್ತಿದ್ದರು.

ಈಗ ಎಲ್ಲ ಸರಿಹೋಗಿದೆ. ಓಡಾಡುವ ಫೋನುಗಳು ನಮ್ಮ ರೂಟರನ್ನು ಬ್ಯಾಡರಹಳ್ಳಿಯಲ್ಲಿ ಕಂಡು ಕಂಡು ದಾಖಲೆ ತಿದ್ದಿವೆ. ಅದಕ್ಕೆ ಬೇಕಾದದ್ದು ಮೂರೇ ವಾರ. ಹೊಸಹಳ್ಳಿಯಿಂದ ಕಾಲು ಗಂಟೆ ದೂರದ ರಾಜಾಜಿನಗರಕ್ಕೆ ಹೋಗಿ ತಪ್ಪಾಯಿತು ಅನ್ನಲು ನಾಲ್ಕು ವರ್ಷವೂ ನನಗೆ ಸಾಲಲಿಲ್ಲ.

ಈಗ ಹೇಳಿ, ನಾನು, ನನ್ನ ಫೋನು, ನಮ್ಮಿಬ್ಬರಲ್ಲಿ ಸ್ಮಾರ್ಟ್ ಯಾರು?