ರೊಜಾಲಿಯಾಳ ತಿಥಿ

ನ್ಯೂಜೆರ್ಸಿಯ ಕ್ಲಿಫ್ಟನ್‌ನಲ್ಲಿರುವ ಕೃಷ್ಣಸ್ವಾಮಿಯವರಿಗೆ ಈಗ ಎಂಬತ್ತಾರು. ಆ ವಯಸ್ಸಿನ ಉಳಿದವರು ಬಿ.ಪಿ., ಶುಗರ್ ಅಂತ ತಲೆ ಕೆಡಿಸಿಕೊಂಡಿದ್ದರೆ ಇವರು ಒಬ್ಬ ಹೆಂಗಸು ಸತ್ತ ದಿನಾಂಕದ ಬೆನ್ನು ಹತ್ತಿದ್ದರು. ಆಕೆ ಅವರು ಎಂದೂ ನೋಡಿರದ ಅತ್ತೆ, ಹೆಂಡತಿ ಹೆಲೆನ್‌ಳ ತಾಯಿ, ರೊಜಾಲಿಯಾ ಮಜೂರ್. ಪೋಲೆಂಡಿನ ಒಂದು ಹಳ್ಳಿಯಿಂದ ಹದಿನಾರನೆಯ ವಯಸ್ಸಿಗೆ ಹಡಗು ಹತ್ತಿ ಬಂದವಳು.

ಹೆಲೆನ್ ತೀರಿಕೊಂಡು ಐದು ವರ್ಷವಾಯಿತು. ಮೈಸೂರಿನ ಗಂಡನೊಡನೆ ಐವತ್ತೈದು ವರ್ಷ ಬಾಳಿದ ಅವಳಿಗೆ ತಿಥಿ ಅಂದರೇನು, ಪಂಚಾಂಗ ಅಂದರೇನು ಎಲ್ಲ ಗೊತ್ತಿತ್ತು. ಅತ್ತೆಯ ಶ್ರಾದ್ಧದ ದಿನ ಈರುಳ್ಳಿ ಮುಟ್ಟದೆ ಅಡಿಗೆ ಮಾಡುತ್ತಿದ್ದವಳು ಅವಳು. ಆಸ್ಪತ್ರೆಯಲ್ಲಿ ಕೊನೆಯ ವಾರ ಗಂಡನ ಕೈ ಹಿಡಿದು ತನ್ನ ಪೋಲಿಷ್ ಎಳೆತದ ಕನ್ನಡದಲ್ಲೇ ಕೇಳಿದಳು. "ನಿಮ್ಮಮ್ಮಂಗೆ ಅಂತ ಒಂದು ದಿನ ಇದೆ. ನಮ್ಮಮ್ಮಂಗೆ ಯಾವ ದಿನಾನೂ ಇಲ್ಲ. ಹುಡುಕಿಕೊಡಿ." ಆಗಲಿ ಅಂದರು ಕೃಷ್ಣಸ್ವಾಮಿ. ಅನ್ನದೆ ಇರುವ ಗಂಡ ಯಾರು?

ದಿನ ಗೊತ್ತಿಲ್ಲದ್ದು ಯಾಕೆ ಅನ್ನುವುದಕ್ಕೆ ಒಂದು ಹಳೆಯ ಕತೆ ಇದೆ. ಹೆಲೆನ್‌ಗೆ ಎರಡು ವರ್ಷವಾಗಿದ್ದಾಗ ಅವಳ ತಾಯಿ ಸತ್ತಳು. ಮನೆಯಲ್ಲಿ ಹೇಳಿದ್ದು ಅಷ್ಟೇ. ಸಮಾಧಿ ಎಲ್ಲಿ ಅಂದರೆ ಮಾತು ಬೇರೆ ಕಡೆಗೆ ತಿರುಗುತ್ತಿತ್ತು. ತಂದೆ ಯಾನ್ ಮಜೂರ್ ಪಸೇಯಿಕ್‌ನ ಉಣ್ಣೆ ಗಿರಣಿಯಲ್ಲಿ ದುಡಿದು, ಹೆಲೆನ್‌ಳ ಮದುವೆಗೆ ಎರಡು ವರ್ಷ ಮೊದಲೇ ಕಣ್ಣು ಮುಚ್ಚಿದ. ಅವಳನ್ನು ಸಾಕಿದವಳು ಸೋದರತ್ತೆ ಬ್ರೋನಿಯಾ.

ಕೃಷ್ಣಸ್ವಾಮಿ ಆಚಾರದಲ್ಲಿ ಹಿಡಿದ ಪಟ್ಟು ಬಿಡುವವರಲ್ಲ. ಅವರ ತಂದೆ ಬೇಗ ಹೋಗಿದ್ದರಿಂದ ಇಪ್ಪತ್ತರ ಹರೆಯದಲ್ಲೇ ತರ್ಪಣದ ಹೊಣೆ ಅವರ ಮೇಲೆ ಬಿದ್ದಿತ್ತು. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯ ದಿನ ಸತ್ತ ಬಂಧುಗಳ ಹೆಸರು ಒಂದೊಂದಾಗಿ ಹೇಳಿ, ಬೆರಳ ಸಂದಿನಿಂದ ಎಳ್ಳು ಬೆರೆತ ನೀರು ಬಿಡಬೇಕು. ಆ ಪಟ್ಟಿಯಲ್ಲಿ ಹೆಂಡತಿಯ ತಂದೆ ತಾಯಿಯೂ ಬರುತ್ತಾರೆ. ೧೯೬೪ರಲ್ಲಿ, ಮದುವೆಯಾದ ಹೊಸತರಲ್ಲಿ, ಒಂದು ಭಾನುವಾರ ಊಟಕ್ಕೆ ಹೋದಾಗ ಅವರು ಬ್ರೋನಿಯಾಳನ್ನು ಕೇಳಿದರು: ಅತ್ತೆಯ ಪೂರ್ತಿ ಹೆಸರೇನು, ಯಾವತ್ತು ಹೋದರು? ಹೆಲೆನ್ ಅದನ್ನು ಪೋಲಿಷ್‌ನಲ್ಲಿ ತಿಳಿಸಿ ಹೇಳಿದಳು: ಇವರು ಸತ್ತವರಿಗೆ ನೀರು ಕೊಡುತ್ತಾರೆ. ಬ್ರೋನಿಯಾ ಒಂದು ಚೀಟಿಯ ಮೇಲೆ ಹೆಸರು ಬರೆದುಕೊಟ್ಟಳು. ದಿನಾಂಕ ಕೇಳಿದ್ದಕ್ಕೆ ಎದ್ದು ಹೋಗಿ ಕಿಟಕಿ ಮುಚ್ಚಿದಳು.

ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ಹಾಗಾಗಿ ಆ ವರ್ಷದಿಂದ ಕಾಶ್ಯಪ ಗೋತ್ರದ ರೊಜಾಲಿಯಾಗೆ ಕ್ಲಿಫ್ಟನ್‌ನ ಅಡಿಗೆಮನೆಯಲ್ಲಿ, ತಾಮ್ರದ ತಟ್ಟೆಗೆ, ಮೂರು ಬೊಗಸೆ ಎಳ್ಳುನೀರು ತಪ್ಪದೆ ಬೀಳುತ್ತ ಬಂತು. ಹೆಲೆನ್ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ತಾಯಿಯ ಹೆಸರನ್ನು ಜಗತ್ತಿನಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳುವುದನ್ನು ಅವಳು ಕೇಳುತ್ತಿದ್ದದ್ದು ಅದೊಂದೇ ದಿನ.

ಇನ್ನು ಹುಡುಕಾಟ. ಹೆಲೆನ್ ಹೋದ ಮೇಲೆ ಕೃಷ್ಣಸ್ವಾಮಿ ಅದಕ್ಕೇ ಕೂತರು. ಮೊಮ್ಮಗಳು ತನ್ವಿ ಹೋಬೋಕನ್‌ನಲ್ಲಿ ರೂಮು ಮಾಡಿಕೊಂಡು ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗುವವಳು. ಶನಿವಾರ ಶನಿವಾರ ರೈಲು ಹಿಡಿದು ಬಂದು, ತಾತನ ಪಕ್ಕ ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ೧೯೨೧ರ ಹಡಗಿನ ಪಟ್ಟಿ ಸಿಕ್ಕಿತು: ವಯಸ್ಸು ಹದಿನಾರು, ಎತ್ತರ ಐದಡಿ, ಕಂದು ಕೂದಲು, ನೀಲಿ ಕಣ್ಣು, ಓದಲು ಬರುತ್ತದೆ. ಚರ್ಚಿನ ಮದುವೆ ಪುಸ್ತಕ ಸಿಕ್ಕಿತು. ೧೯೪೦ರ ಜನಗಣತಿಯಲ್ಲಿ ಯಾನ್, ಬ್ರೋನಿಯಾ, ಮೂರು ವರ್ಷದ ಹೆಲೆನ್. ಯಾನ್‌ನ ಹೆಸರಿನ ಮುಂದೆ ವಿಧುರ ಅಂತ ಬರೆದಿತ್ತು. ಅಲ್ಲಿಗೆ ಸಾವು ಖಚಿತವಾಯಿತಲ್ಲ! ಟ್ರೆಂಟನ್‌ನ ದಾಖಲೆ ಕಚೇರಿಗೆ ನಾಲ್ಕು ಸಲ ಹೋಗಿ, ಹೆಲೆನ್ ಹುಟ್ಟಿದಂದಿನಿಂದ ಆ ಜನಗಣತಿಯವರೆಗಿನ ಮರಣಪತ್ರಗಳ ಮೈಕ್ರೋಫಿಲ್ಮ್ ಸುರುಳಿಗಳನ್ನೆಲ್ಲ ಕಣ್ಣು ನೋಯುವ ತನಕ ತಿರುಗಿಸಿದರು. ಅವರ ರೊಜಾಲಿಯಾ ಎಲ್ಲೂ ಇರಲಿಲ್ಲ. ಸತ್ತವಳನ್ನು ಸತ್ತವರ ನಡುವೆಯೇ ಹುಡುಕಬೇಕು ಎಂದು ಅವರು ನಂಬಿದ್ದರು. ಅರವತ್ತು ವರ್ಷ ಎಳ್ಳುನೀರು ಬಿಟ್ಟವರಿಗೆ ಬೇರೆ ಯೋಚನೆ ಹೊಳೆಯುವುದಾದರೂ ಹೇಗೆ?

ತನ್ವಿಗೆ ಆ ನಂಬಿಕೆಯ ಹಂಗಿರಲಿಲ್ಲ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಸುಮ್ಮನೆ ಬೇಜಾರಿಗೆ ೧೯೫೦ರ ಜನಗಣತಿಯಲ್ಲಿ ಆ ಹೆಸರು ಹಾಕಿದಳು. ಎರಡು ವರ್ಷದ ಹಿಂದಷ್ಟೇ ಜನರಿಗೆ ತೆರೆದ ದಾಖಲೆ ಅದು.

"ತಾತ, ದಿಸ್ ಈಸ್ ವಿಯರ್ಡ್. ಶಿ ಈಸ್ ಇನ್ ನೈಂಟೀನ್ ಫಿಫ್ಟಿ."

"ಬೇರೆ ಯಾರೋ ಇರ್ಬೇಕು ಪುಟ್ಟ. ಆ ಹೆಸರಿನೋರು ಬೇಕಾದಷ್ಟು ಜನ."

"ಏಜ್ ಫಾರ್ಟಿ ಫೈವ್. ಬಾರ್ನ್ ಇನ್ ಪೋಲೆಂಡ್. ಮ್ಯಾರೀಡ್. ಪೇಷಂಟ್ ಅಂತ ಇದೆ. ಇದು ಯಾವ ಜಾಗ ತಾತ?"

ಕೃಷ್ಣಸ್ವಾಮಿ ಕನ್ನಡಕ ಏರಿಸಿ ಪುಟದ ತಲೆಬರಹ ಓದಿದರು. ರಾಜ್ಯದ ಮಾನಸಿಕ ಆಸ್ಪತ್ರೆ. ಪಕ್ಕದ ಕೌಂಟಿಯಲ್ಲಿ, ಮನೆಯಿಂದ ಇಪ್ಪತ್ತು ಮೈಲಿ ದೂರದ ಗುಡ್ಡದ ಮೇಲಿತ್ತು, ಈಗ ಕೆಡವಿಬಿಟ್ಟಿದ್ದಾರೆ. ಆ ಆಸ್ಪತ್ರೆಯ ಹೆಸರು ಅವರಿಗೆ ಓದಿ ತಿಳಿಯಬೇಕಾಗಿರಲಿಲ್ಲ. ೧೯೬೬ರಿಂದ ಏಳು ವರ್ಷ ಅವರು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದ್ದರು. ಈ ದೇಶದಲ್ಲಿ ಅವರಿಗೆ ಸಿಕ್ಕ ಮೊದಲ ಪಕ್ಕಾ ನೌಕರಿ ಅದು. ಎದ್ದು ಹೋಗಿ ಮುಖ ತೊಳೆದುಕೊಂಡರು.

ಮರುದಿನ ಎಡಿಸನ್‌ನ ಪುರೋಹಿತರಾದ ರಾಘವೇಂದ್ರಾಚಾರ್‌ಗೆ ಫೋನ್ ಮಾಡಿದರು.

"ಆಚಾರ್ರೇ, ಬದುಕಿರೋರಿಗೆ ಗೊತ್ತಿಲ್ದೆ ತರ್ಪಣ ಕೊಟ್ಬಿಟ್ರೆ ಏನಾಗತ್ತೆ?"

"ಯಾರಿಗ್ ಕೊಟ್ರಿ ರಾಯರೇ?" ಎಂದು ಆಚಾರ್ ನಕ್ಕರು. ಇತ್ತ ಕಡೆಯಿಂದ ನಗು ಬರದಿದ್ದಾಗ ಗಂಭೀರವಾದರು. "ತಿಳೀದೆ ಆಗಿದ್ದಕ್ಕೆ ಪ್ರಾಯಶ್ಚಿತ್ತ ಇದೆ. ಮೊದ್ಲು ಡೇಟ್ ಕನ್‌ಫರ್ಮ್ ಮಾಡ್ಕೊಳಿ. ನೀವು ಶುರು ಮಾಡೋಕ್ ಮುಂಚೆನೇ ಅವ್ರು ಹೋಗಿದ್ರೆ ಯಾವ ತೊಂದ್ರೆನೂ ಇಲ್ಲ."

"ಆಮೇಲೆ ಹೋಗಿದ್ರೆ?"

"ಡೇಟ್ ಬರ್ಲಿ ರಾಯರೇ."

ಅಂದಿನಿಂದ ಕೃಷ್ಣಸ್ವಾಮಿಯವರಿಗೆ ಇದ್ದ ಆಸೆ ಒಂದೇ: ರೊಜಾಲಿಯಾ ೧೯೬೪ಕ್ಕೆ ಮೊದಲೇ ಸತ್ತಿರಲಿ. ಹೀಗೆ ಬೇಡಿಕೊಳ್ಳುವಾಗ ಅವರಿಗೆ ನಾಚಿಕೆಯಾಗುತ್ತಿತ್ತು, ಆದರೂ ಬೇಡಿಕೊಳ್ಳುತ್ತಿದ್ದರು. ಆಸ್ಪತ್ರೆಯ ಕಡತ ಬೇಕೆಂದರೆ ರಕ್ತಸಂಬಂಧಿಯೇ ಅರ್ಜಿ ಹಾಕಬೇಕು. ಮಗಳು ಹಂಸಿನಿ ಸಹಿ ಮಾಡಿ ಕಳಿಸಿದಳು. ನೋಟರಿ, ಹೆಲೆನ್‌ಳ ಜನನಪತ್ರ, ಮರಣಪತ್ರ ಎಲ್ಲ ಸೇರಿಸಿ ಹಾಕಿದ್ದಾಯಿತು. ನಾಲ್ಕು ತಿಂಗಳು ಕಾಯಿಸಿದರು.

ಆ ನಾಲ್ಕು ತಿಂಗಳು ಆ ಮನೆಯಲ್ಲಿ ಅವರು ಒಬ್ಬರೇ ಇರಲಿಲ್ಲ. ಹೀಗೆ ಅಂದರೆ ನೀವು ನಗಬಹುದು. ಅವರೂ ಲ್ಯಾಬಿನಲ್ಲಿ ಕೆಲಸ ಮಾಡಿದ ಮನುಷ್ಯ, ತಮ್ಮಷ್ಟಕ್ಕೆ ತಾವೇ ನಕ್ಕು ನೋಡಿದರು. ಆದರೆ ಸಿಂಕಿಗೆ ಬೆನ್ನು ಹಾಕಿ ನಿಲ್ಲಲು ಆಗುತ್ತಿರಲಿಲ್ಲ. ಹಗಲು ಹೊತ್ತಿನಲ್ಲೇ, ಕಾಫಿ ಸೋಸುತ್ತಿರುವಾಗ, ಹಿಂದೆ ಯಾರೋ ಕೈಯೊಡ್ಡಿಕೊಂಡು ನಿಂತಂತೆ ಅನಿಸುತ್ತಿತ್ತು. ತಿರುಗಿದರೆ ಫ್ರಿಜ್ಜು, ಕ್ಯಾಲೆಂಡರು, ಹೆಲೆನ್‌ಳ ಏಪ್ರನ್. ನಲ್ಲಿ ನಿಲ್ಲಿಸಿದ ಮೇಲೂ ನೀರು ಬೀಳುವ ಸದ್ದು ಕೇಳುತ್ತಿತ್ತು. ಪ್ಲಂಬರ್ ಬಂದು ನೋಡಿ ಏನೂ ಇಲ್ಲ ಅಂದ. ಫ್ಲೋರಲ್ ಪಾರ್ಕಿನ ಅಂಗಡಿಯಿಂದ ತಂದಿಟ್ಟಿದ್ದ ಕರಿ ಎಳ್ಳಿನ ಪೊಟ್ಟಣವನ್ನು ಅವರು ಗ್ಯಾರೇಜಿಗೆ ಸಾಗಿಸಿದರು. ಬೊಗಸೆಯಲ್ಲಿ ನೀರು ತೆಗೆದುಕೊಳ್ಳುವುದಕ್ಕೇ ಹೆದರಿಕೆಯಾಗಿ, ಮುಖ ತೊಳೆಯುವುದನ್ನು ಬಿಟ್ಟು ಒದ್ದೆ ಟವೆಲ್ಲಿನಿಂದ ಒರೆಸಿಕೊಳ್ಳತೊಡಗಿದರು.

ಜೂನ್ ತಿಂಗಳಲ್ಲಿ ಕಡತ ಬಂತು. ಶನಿವಾರದ ತನಕ ಅವರು ಲಕೋಟೆ ಒಡೆಯಲಿಲ್ಲ. ತನ್ವಿ ಬಂದ ಮೇಲೆ ಇಬ್ಬರೂ ಊಟದ ಮೇಜಿನ ಹತ್ತಿರ ಕೂತರು. ಓದಿದವಳು ತನ್ವಿ. ೧೯೩೯ರಲ್ಲಿ ದಾಖಲು. ಹೆರಿಗೆಯಾದಾಗಿನಿಂದ ನಿದ್ದೆಯಿಲ್ಲ, ಪಕ್ಕದಲ್ಲಿ ಮಗು ಮಲಗಿದ್ದರೂ ಇನ್ನೆಲ್ಲೋ ಮಗು ಅಳುತ್ತಿದೆ ಎಂದು ಬೀದಿಗೆ ಓಡುತ್ತಾಳೆ. ಒಪ್ಪಿಗೆಯ ಸಹಿ ಗಂಡನದು. ಸಾಕ್ಷಿ ಬ್ರೋನಿಯಾ. ನೋಡಲು ಬಂದವರ ಕಾಲಂನಲ್ಲಿ ಮೊದಲ ಎರಡು ವರ್ಷ ಗಂಡನ ಹೆಸರಿದೆ, ಆಮೇಲೆ ಮೂವತ್ತು ವರ್ಷ ಯಾರೂ ಇಲ್ಲ. ಬಟ್ಟೆ ಮಡಿಸುವ ಕೆಲಸ ಚೆನ್ನಾಗಿ ಮಾಡುತ್ತಾಳೆ. ಇಂಗ್ಲಿಷ್ ಮರೆತಿದ್ದಾಳೆ. ಪೋಲಿಷ್ ಬಲ್ಲವರು ವಾರ್ಡಿನಲ್ಲಿ ಯಾರೂ ಇಲ್ಲದ್ದರಿಂದ ಏನು ಹೇಳುತ್ತಾಳೋ ತಿಳಿಯದು.

"ಕೊನೇ ಪುಟ ನೋಡು," ಎಂದರು ಕೃಷ್ಣಸ್ವಾಮಿ.

ತನ್ವಿ ತಿರುಗಿಸಿದಳು. "ಮಾರ್ಚ್ ಫಸ್ಟ್, ನೈಂಟೀನ್ ಸೆವೆಂಟಿ ಒನ್. ನ್ಯುಮೋನಿಯಾ."

೧೯೭೧. ಏಳು ಮಹಾಲಯ ಅವಳು ಬದುಕಿದ್ದಳು. ಏಳು ಸಲ ಅವರು ಉಸಿರಾಡುತ್ತಿದ್ದ ಹೆಂಗಸನ್ನು ಹೆಸರು ಹಿಡಿದು ಸತ್ತವರ ಸಾಲಿಗೆ ಕರೆದಿದ್ದರು. ಹೆಲೆನ್ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದಳು. ಅರ್ಧ ಗಂಟೆ ಕಾರಿನಲ್ಲಿ ಹೋಗಿದ್ದರೆ ತಾಯಿಯ ಮುಖ ನೋಡಬಹುದಾಗಿದ್ದ ಹೆಲೆನ್.

ಮುದುಕರು ಅಳಲಿಲ್ಲ. ಅಟ್ಟದ ಪೆಟ್ಟಿಗೆಯಿಂದ ತನ್ವಿಯ ಕೈಲಿ ಹಳೆಯ ಪಂಚಾಂಗಗಳ ಕಟ್ಟು ತರಿಸಿದರು. ಮೈಸೂರಿನಿಂದ ಅವರ ಅಣ್ಣ ವರ್ಷಾ ವರ್ಷಾ ಕಳಿಸುತ್ತಿದ್ದದ್ದು, ಒಂದನ್ನೂ ಬಿಸಾಡಿರಲಿಲ್ಲ. ಬೆರಳಿಟ್ಟು ನೋಡಿದರು. ಫಾಲ್ಗುಣ ಶುದ್ಧ ಪಂಚಮಿ. ಹೆಲೆನ್ ಕೇಳಿದ ದಿನ ಸಿಕ್ಕಿತ್ತು. ಒಂದು ಹಾಳೆಯ ಮೇಲೆ ಅದನ್ನು ದೊಡ್ಡದಾಗಿ ಬರೆದು ಅವಳ ಫೋಟೋದ ಕೆಳಗೆ ಇಟ್ಟರು. ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು.

ತನ್ವಿ ಇನ್ನೂ ಪುಟ ತಿರುವುತ್ತಿದ್ದಳು. ಕಡತದ ನಡುವೆ ಸಣ್ಣ ಸಣ್ಣ ಚೀಟಿಗಳ ನಕಲು ಇತ್ತು. ಲ್ಯಾಬಿನ ಚೀಟಿಗಳು. ಅದರ ಮೇಲೆ ಹೆಸರು ಬರೆಯುವ ಪದ್ಧತಿ ಇರಲಿಲ್ಲ. ರೋಗಿಯ ನಂಬರು, ವಾರ್ಡು, ರಕ್ತ ತೆಗೆದವರ ಇನಿಷಿಯಲ್, ಅಷ್ಟೇ.

"ತಾತ," ಎಂದಳು ಮೆಲ್ಲಗೆ. "ಈಸ್ ದಿಸ್ ಯು?"

ಕೆ.ಎಸ್. ಎಂದಿತ್ತು. ಎಸ್ ಅಕ್ಷರದ ಬಾಲ ಕೆಳಗೆ ಎಳೆದ ರೀತಿ ಅವರದೇ. ದಿನಾಂಕ ೧೯೬೭ರ ಅಕ್ಟೋಬರ್ ಮೂರು, ಮಂಗಳವಾರ. ಮೇಜಿನ ಮೇಲಿದ್ದ ಕಟ್ಟಿನಿಂದ ಆ ವರ್ಷದ ಪಂಚಾಂಗ ಎಳೆದರು. ತೆರೆಯುವ ಮೊದಲೇ ಅವರಿಗೆ ಗೊತ್ತಾಗಿತ್ತು. ಮಹಾಲಯ ಅಮಾವಾಸ್ಯೆ.

ಪಂಚಾಂಗ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಹೇಳತೊಡಗಿದರು. ತನ್ವಿಗೆ ಹೇಳಿದರೋ, ಬೆನ್ನ ಹಿಂದೆ ನಿಂತವಳಿಗೆ ಹೇಳಿದರೋ, ನನಗೆ ಗೊತ್ತಿಲ್ಲ.

"ಅವತ್ತು ತರ್ಪಣ ಮುಗ್ಸಿ ಹೊರಡೋ ಹೊತ್ತಿಗೆ ಲೇಟಾಗಿತ್ತು. ಕೈ ಸರಿಯಾಗಿ ಒರೆಸ್ಕೊಳ್ದೆ ಶರ್ಟ್ ಹಾಕ್ಕೊಂಡು ಡ್ರೈವ್ ಮಾಡ್ದೆ. ವಯಸ್ಸಾದ ಹೆಂಗಸರ ವಾರ್ಡು. ಬೆಳಿಗ್ಗೆ ಒಂಬತ್ತು ಜನರ ರಕ್ತ ತೆಗೀಬೇಕಿತ್ತು. ಅವರಲ್ಲಿ ಒಬ್ಬ ಮುದುಕಿ, ಸಣ್ಣಕ್ಕಿದ್ಲು. ತೋಳಿಗೆ ರಬ್ಬರ್ ಕಟ್ತಾ ಇದ್ದೆ. ಅವಳು ನನ್ನ ಮಣಿಕಟ್ಟನ್ನೇ ನೋಡ್ತಿದ್ಲು. ನನ್ನ ಶರ್ಟಿನ ತೋಳಿನ ಮಡಿಕೆಗೆ ಒದ್ದೆ ಎಳ್ಳು ಅಂಟ್ಕೊಂಡಿತ್ತು, ಒಂದೆರಡು. ಎರಡು ಬೆರಳಲ್ಲಿ ಹುಷಾರಾಗಿ ತೆಗೆದ್ಲು. ಬಾಯಿಗೆ ಹಾಕ್ಕೊಂಡ್ಲು."

ತನ್ವಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಅವಳೇ ಅಂತ ಹೇಳೋಕೆ ಆಗಲ್ಲ ಪುಟ್ಟ. ಒಂಬತ್ತು ಜನ ಇದ್ರು. ಅಗಿದು ನುಂಗಿದ್ಲು. ಆಮೇಲೆ ನನ್ನ ಮುಖ ನೋಡಿ ಏನೋ ಹೇಳಿದ್ಲು. ನನಗೆ ಅರ್ಥ ಆಗ್ಲಿಲ್ಲ. ಅದನ್ನೇ ಇನ್ನೊಂದು ಸಲ ನಿಧಾನಕ್ಕೆ ಹೇಳಿದ್ಲು, ಏನೋ ಕೇಳೋ ಹಾಗೆ. ನಾನು ಯೆಸ್ ಯೆಸ್ ಅಂದು ಸೂಜಿ ಚುಚ್ಚಿದೆ."

"ವಾಟ್ ಡಿಡ್ ಶಿ ಸೇ, ತಾತ?"

ಕೃಷ್ಣಸ್ವಾಮಿ ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ ಕಡೆಗೆ ನೋಡಲಿಲ್ಲ. ನೋಡುವ ಧೈರ್ಯ ಅವರಿಗಿರಲಿಲ್ಲ.

"ಸಂಜೆ ಮನೆಗೆ ಬಂದು ನಿಮ್ಮಜ್ಜಿಗೆ ಇದನ್ನ ತಮಾಷೆ ಅಂತ ಹೇಳ್ದೆ. ಅವಳು ಬಿದ್ದು ಬಿದ್ದು ನಕ್ಲು. ನಕ್ಕು ಮುಗ್ಸಿ ಇದೇ ಮಾತು ಕೇಳಿದ್ಲು: ಏನಂದ್ಲು ಆ ಹೆಂಗಸು? ಅವಳಿಗೆ ಪೋಲಿಷ್ ಬರ್ತಿತ್ತು, ತನ್ವಿ. ಎರಡು ಮಾತು ನೆನಪಿಟ್ಕೊಂಡು ಬಂದಿದ್ರೂ ಸಾಕಾಗಿತ್ತು. ನಾನು, ಮುದುಕಿ ಏನೋ ಗೊಣಗಿದ್ಲು ಬಿಡು, ಸಾರು ಬಡಿಸು ಅಂದೆ."