ಕಂಟ್ರೋಲರ್ ಕಾಕಾ ಬಸ್ ತಪ್ಪಿಸಿಕೊಂಡದ್ದು

ಕಾಕಾರ ಬಲಗೈ ಹೆಬ್ಬೆರಳಿನ ತುದಿ ಚಮಚದಂತೆ ಚಪ್ಪಟೆಯಾಗಿತ್ತು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದಷ್ಟು ವರ್ಷ ಮೈಕಿನ ಗುಂಡಿ ಒತ್ತಿ ಒತ್ತಿ ಹಾಗಾದದ್ದು ಎನ್ನುತ್ತಿದ್ದರು. ನಿವೃತ್ತರಾದ ಮೇಲೂ ಬೆಟಗೇರಿಯ ನಮ್ಮ ಓಣಿಯಲ್ಲಿ ಒಬ್ಬರನ್ನು ಚಹಾಕ್ಕೆ ಕರೆದರೆ ಮೂರು ಮನೆಯವರು ಎದ್ದು ಹೊರಡುತ್ತಿದ್ದರು. ದನಿ ಹಾಗಿತ್ತು.

ಆಗ ನಾನು ಗದಗಿನ ಸಣ್ಣ ಕಚೇರಿಯೊಂದರಲ್ಲಿ ಬಸ್ ವೇಳೆ ತೋರಿಸುವ ಆಪ್ ಮಾಡುತ್ತಿದ್ದೆ. ನನ್ನ ಮೊದಲ ಕೆಲಸ. ಒಂದೇ ಕೋಡ್, ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಓಡುತ್ತದೆ, ಎರಡರಲ್ಲೂ ತದ್ರೂಪವಾಗಿ ಕಾಣುತ್ತದೆ ಎಂದು ಬೀಗುತ್ತಿದ್ದೆ. ನನ್ನ ಕೈಯಲ್ಲಿದ್ದದ್ದು ಐಫೋನ್. ಎಲ್ಲವನ್ನೂ ಅದರ ರೀತಿಗೇ ಮಾಡಿದ್ದೆ. ಕಾಕಾರದು ಹಳೆಯ ಆಂಡ್ರಾಯ್ಡ್, ಅವರ ಹೆಂಡತಿ ಕಾಕುವಿನದು ಮಗ ಕೊಡಿಸಿದ ಐಫೋನ್. ಪರೀಕ್ಷೆಗೆಂದು ಇಬ್ಬರಿಗೂ ಹಾಕಿಕೊಟ್ಟೆ.

ಮರುದಿನವೇ ಹಿರೇವಡ್ಡಟ್ಟಿಯ ಬೀಗರ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ನಿಲ್ದಾಣದಲ್ಲಿ ಇಬ್ಬರೂ ಆಪ್ ತೆರೆದರು. ಕಾಕು ಪರದೆಯ ಅಂಚಿನಿಂದ ಬೆರಳು ಸರಿಸುತ್ತ ಹಿಂದೆ ಮುಂದೆ ಹೋಗಿ, ಬಸ್ಸು ಕಂಡುಕೊಂಡು ಹತ್ತಿಯೇಬಿಟ್ಟರು. ಕಾಕಾ ಹಿಂದಿನ ಪುಟಕ್ಕೆ ಹೋಗಲು ತಮ್ಮ ಫೋನಿನ ತಳದ ಗುಂಡಿ ಒತ್ತಿದರು. ಆಪೇ ಮುಚ್ಚಿಹೋಯಿತು. ಮತ್ತೆ ತೆರೆದರು, ಒತ್ತಿದರು, ಮುಚ್ಚಿತು. ಎದುರಿಗೇ ನಿಂತ ಬಸ್ಸು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಆಪ್ ನೋಡಿಯೇ ಹತ್ತುತ್ತೇನೆಂದು ನನಗೆ ಮಾತು ಕೊಟ್ಟಿದ್ದರು.

“ಜಲ್ದಿ ಏರ್ರಿ!” ಎಂದರು ಕಾಕು, ಕಿಟಕಿಯಿಂದ.

“ತಡಿ, ಖಾತ್ರಿ ಮಾಡ್ಕೊಂತೀನಿ!”

ಬಸ್ಸು ಹೊರಟೇ ಹೋಯಿತು. ತಾವು ಆಳಿದ ನಿಲ್ದಾಣದಲ್ಲೇ ಕಂಟ್ರೋಲರು ಬಸ್ ತಪ್ಪಿಸಿಕೊಂಡರು. ಮುಂದಿನ ಬಸ್ಸಿಗೆ ಹೋಗಿ ಮುಟ್ಟುವಷ್ಟರಲ್ಲಿ ಕೂಸಿಗೆ ಹೆಸರಿಟ್ಟಾಗಿತ್ತು.

ಮರುದಿನ ಕಚೇರಿಗೆ ಬಂದು ಎರಡೂ ಫೋನನ್ನು ನನ್ನ ಮೇಜಿನ ಮೇಲಿಟ್ಟರು. “ತಂಗಿ, ನಿಮ್ಮ ಕಾಕುನ ಫೋನಿನ ರೂಢಿ ಬ್ಯಾರೆ, ನನ್ನ ಫೋನಿನ ರೂಢಿ ಬ್ಯಾರೆ.”

“ಆದ್ರ ಎರಡರಾಗೂ ಒಂದ ಥರ ಕಾಣತೈತಲ್ರಿ ಕಾಕಾ!”

“ಕಾಣತೈತಿ. ಅದಕ್ಕ ನೋಡು, ಕೂಸಿಗೆ ನಿಮ್ಮ ಕಾಕು ಆರಿಸಿದ ಹೆಸರು ಬಿತ್ತು.”

ಎಂಟು ದಿನ ನನ್ನ ಪಕ್ಕ ಕೂತರು. ಯಾವ ತಪ್ಪಿಗೂ ಅವರದು ಒಂದೇ ಮಾತು: “ಪಂಚರ್.” ತಾರೀಖು ಆರಿಸಲು ತಿರುಗುವ ಗಾಲಿ ತಮ್ಮ ಫೋನಿನಲ್ಲಿ ಕಂಡಾಗ, “ಇದೇನ್ ಬೀಸೋ ಕಲ್ಲೇನ? ಪಂಚರ್.” ಕೋಡ್ ಒಂದೇ ಉಳಿಯಿತು, ಗುಂಡಿ, ತಾರೀಖು, ಹಿಂದೆ ಹೋಗುವ ದಾರಿ ಎಲ್ಲ ಆಯಾ ಫೋನಿನ ರೂಢಿಗೆ ಬಂದವು. ಆಪಿನ ಗುರುತಿನ ಚಿತ್ರ, ಅಂದರೆ ಐಕಾನನ್ನೂ ಬದಲಿಸಿ, ಹೊಸ ಆಪನ್ನು ಅವರು ಚಹಾ ಕುಡಿಯುವಾಗ ಫೋನಿಗೆ ಹಾಕಿಕೊಟ್ಟೆ.

ವಾರದ ಮೇಲೆ ಕೇಳಿದೆ: “ಹೆಂಗೈತ್ರಿ ಕಾಕಾ ನನ್ನ ಆಪ್?”

“ನಿಂದು ಇನ್ನೂ ತೆಗದ ನೋಡಿಲ್ಲವ್ವಾ, ಅಂಜಿಕಿ ಬರತೈತಿ. ಫೋನಿನಾಗ ಮೊದಲಿಂದ ಬಸ್ಸಿಂದ ಒಂದು ಆಪ್ ಇತ್ತು, ಅದನ್ನ ನೋಡ್ಕೊಂಡು ಅಡ್ಡಾಡಾಕ ಹತ್ತೀನಿ. ಎಷ್ಟ ಚಂದ ಮಾಡ್ಯಾರ! ನೀನೂ ಒಮ್ಮಿ ನೋಡು.”

ತೆರೆದು ತೋರಿಸಿದರು. ಅದು ನನ್ನದೇ ಆಪ್.

ನನ್ನದೆಂದು ಹೇಳದೆ, ಖುಷಿಯಿಂದ ಫೋನ್ ಮರಳಿ ಕೊಟ್ಟೆ. ಹೋದ ವರ್ಷ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಕಾಕು ಹೇಳಿದರು: ಕೊನೆಯವರೆಗೂ ಕಾಕಾ ಓಣಿಯವರಿಗೆ ಆ ಆಪ್ ತೋರಿಸಿ ಹೀಗೆನ್ನುತ್ತಿದ್ದರಂತೆ: “ಈ ಫೋನ್ ತಯಾರ ಮಾಡಿದವ್ರು ಭಾಳ ಶ್ಯಾಣ್ಯಾ ಅದಾರ. ನಮ್ಮ ಹುಡುಗಿನೂ ಕಲೀತಾಳ, ಸ್ವಲ್ಪ ಟೈಮ್ ಕೊಡ್ರಿ.”